ದುಃಖಕ್ಕೆ ಒಂದು ಕಿವಿ ಬೇಕು



ಕೆಲಸದಲ್ಲಿ ಕೈ ಮುರಿದುಕೊಂಡವನನ್ನು ನಾವು ಯಾರೂ ಬಯ್ಯುವುದಿಲ್ಲ. ಪಟ್ಟಿ ಕಟ್ಟಿಸುತ್ತೇವೆ, ಹಾಲು ಕಾಸಿ ಕೊಡುತ್ತೇವೆ, ಅವನ ಪಾಲಿನ ಕೆಲಸವನ್ನು ನಾಲ್ಕು ಜನ ಹಂಚಿಕೊಳ್ಳುತ್ತೇವೆ. ಮನಸ್ಸು ಮುರಿದವರಿಗೆ ಮಾತ್ರ ನಮ್ಮ ನ್ಯಾಯ ಬೇರೆ. ಮನೆಯವರು "ಇವಳದು ಬರೀ ನಾಟಕ" ಎನ್ನುತ್ತಾರೆ. ನೆರೆಯವರು "ಗಾಳಿ ಸೋಕಿದೆ" ಎನ್ನುತ್ತಾರೆ. ದೇವಾಲಯದ ಮೆಟ್ಟಿಲ ಮೇಲೆ "ಪ್ರಾರ್ಥನೆ ಕಡಿಮೆಯಾಗಿದೆ" ಎಂಬ ಮಾತು ಕೇಳಿಬರುತ್ತದೆ. ಸಂಘದ ಸಭೆಯಲ್ಲಿ ವಿಷಯ ಎತ್ತಿದರೆ, "ಬಡವರಿಗೆ ಎಲ್ಲಿಯ ಮನೋರೋಗ? ಅದು ಉಳ್ಳವರ ಕಾಯಿಲೆ. ಮೊದಲು ಕೂಲಿ ಹೆಚ್ಚಲಿ, ಮನಸ್ಸು ತಾನೇ ಸರಿಹೋಗುತ್ತದೆ" ಎಂದು ನಮ್ಮ ಸಂಗಾತಿಗಳೇ ಉತ್ತರಿಸುತ್ತಾರೆ.

ಈ ನಾಲ್ಕು ಮಾತುಗಳಲ್ಲಿ ಒಂದೇ ದೋಷವಿದೆ. ನಾಲ್ಕೂ ನೊಂದವರ ಬಾಯಿ ಮುಚ್ಚಿಸುತ್ತವೆ.

ನಮ್ಮ ಅಭಿಪ್ರಾಯ ಇಷ್ಟು: ಮನಸ್ಸಿನ ನೆಮ್ಮದಿ ಒಬ್ಬರ ತಲೆಯೊಳಗೆ ಮಾತ್ರ ಇರುವಂಥದಲ್ಲ. ಅದರ ಅರ್ಧ ಪಾಲು ನಮ್ಮ ಮನೆಯಲ್ಲಿ, ನೆರೆಯಲ್ಲಿ, ಭಾಷೆಯಲ್ಲಿ, ರೂಢಿಯಲ್ಲಿ ಇರುತ್ತದೆ. ದುಃಖ ಯಾರನ್ನೂ ಬಿಡುವುದಿಲ್ಲ. ಅದನ್ನು ಕೇಳುವ ಒಂದು ಕಿವಿ ಇದ್ದವರು ಬಹುಮಟ್ಟಿಗೆ ಎದ್ದು ನಿಲ್ಲುತ್ತಾರೆ. ಇಲ್ಲದವರು ಬೇಗ ಕುಸಿಯುತ್ತಾರೆ. ಆದುದರಿಂದ ಆ ಕಿವಿಯನ್ನು ಉಳಿಸಿಕೊಳ್ಳುವುದೂ ಕೂಲಿಯಷ್ಟೇ ದೊಡ್ಡ ಹಕ್ಕು. ನಮ್ಮ ಸೀಮೆ ಇದನ್ನು ಬಹಳ ಬೆಲೆ ತೆತ್ತು ಕಲಿತಿದೆ.

ನಮ್ಮ ಸೀಮೆ

ಉಮರ್ಗಾ, ನಿಲಂಗಾ, ಉದಗೀರ ಎಂದರೆ ಕಾಫಿ ಸೀಮೆಯ ನಿಮಗೆ ದೂರದ ಹೆಸರುಗಳು. ಕಲಬುರಗಿ, ಬೀದರ ಜಿಲ್ಲೆಗಳ ಗಡಿ ದಾಟಿದರೆ ಸಿಗುವ ಮರಾಠವಾಡೆಯ ತಾಲೂಕುಗಳಿವು. ಕಪ್ಪು ಮಣ್ಣು, ಜೋಳ, ತೊಗರಿ. ಈಗೀಗ ಸೋಯಾ, ಕಬ್ಬು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ನಿಲಂಗಾ, ಉದಗೀರ ಬೀದರ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ರಚನೆಯಾದಾಗ ಉಸ್ಮಾನಾಬಾದ್ ಜಿಲ್ಲೆಗೆ ಹೋದವು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದರೊಳಗೆ ಬಂದವು. ಉಮರ್ಗಾ ಈಗ ಧಾರಾಶಿವ ಎಂದು ಕರೆಯುವ ಆ ಹಳೆಯ ಉಸ್ಮಾನಾಬಾದ್ ಜಿಲ್ಲೆಯಲ್ಲೇ ಉಳಿಯಿತು.

ಗೆರೆ ಎಳೆದವರು ನಕ್ಷೆ ನೋಡಿ ಎಳೆದರು. ನೆಂಟಸ್ತನ ಗೆರೆ ನೋಡಿ ನಿಲ್ಲಲಿಲ್ಲ. ಅಕ್ಕನನ್ನು ಭಾಲ್ಕಿಗೆ ಕೊಟ್ಟಿದ್ದರೆ ತಂಗಿಯನ್ನು ಉದಗೀರಕ್ಕೆ ಕೊಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಕರೆದರೆ ಮೊಮ್ಮಗ ಮರಾಠಿಯಲ್ಲಿ ಓಗೊಡುತ್ತಾನೆ. ಅಂಗಡಿಗೆ ಒಂದು ಭಾಷೆ, ಕಚೇರಿಗೆ ಒಂದು ಭಾಷೆ, ಅಳುವುದಕ್ಕೆ ಮಾತ್ರ ತಾಯಿಯ ಭಾಷೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನೆಲ ನಡುಗಿದ ರಾತ್ರಿ

1993ರ ಸೆಪ್ಟೆಂಬರ್ 30. ಬೆಳಗಿನ ಜಾವ 4 ಗಂಟೆಗೆ ಇನ್ನೂ ನಾಲ್ಕೈದು ನಿಮಿಷವಿತ್ತು. ಹಿಂದಿನ ದಿನ ಗಣಪತಿಯನ್ನು ನೀರಿಗೆ ಬಿಟ್ಟು ಜನ ತಡವಾಗಿ ಮಲಗಿದ್ದರು. ಔಸಾ ತಾಲೂಕಿನ ಕಿಲ್ಲಾರಿಯ ಬಳಿ ನೆಲ ಬಿರಿಯಿತು. ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ, ಹೋಳಿ, ಪೇಠ ಸಾಂಗವಿ ಮೊದಲಾದ ಊರುಗಳು ಕ್ಷಣಾರ್ಧದಲ್ಲಿ ಕಲ್ಲಿನ ಗುಡ್ಡೆಗಳಾದವು. ಸುಮಾರು 10,000 ಜನ ಸತ್ತರು.

ಅವರನ್ನು ಕೊಂದದ್ದು ನಡುಕಕ್ಕಿಂತ ಹೆಚ್ಚಾಗಿ ಮನೆಗಳೇ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಬಿಸಿಲು ತಡೆಯಲು ಹೊರೆಗಟ್ಟಲೆ ಮಣ್ಣು ಹಾಕಿದ ಮಾಳಿಗೆ. ತಲೆಮಾರುಗಳಿಂದ ತಣ್ಣಗೆ ಕಾಪಾಡಿದ ಮಾಳಿಗೆಯೇ ಮಲಗಿದವರ ಮೇಲೆ ಬಿತ್ತು. ನಮ್ಮಲ್ಲಿ ಈಗ ನಲವತ್ತು ದಾಟಿದವರು ಆಗ ಶಾಲೆಗೆ ಹೋಗುವ ಮಕ್ಕಳು. ಆ ಮೇಲೆ ಎಷ್ಟೋ ತಿಂಗಳು ಜನ ಮನೆಯೊಳಗೆ ಮಲಗಲಿಲ್ಲ. ಲಾರಿ ಹೋದ ಸದ್ದಿಗೂ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಓಡುತ್ತಿದ್ದರು. ಇದು ಹೇಡಿತನವಲ್ಲ. ದೇಹಕ್ಕೆ ಬಿದ್ದ ಪೆಟ್ಟನ್ನು ಮೂಳೆ ನೆನಪಿಡುವಂತೆ ಮನಸ್ಸಿಗೆ ಬಿದ್ದ ಪೆಟ್ಟನ್ನು ನಿದ್ದೆ ನೆನಪಿಡುತ್ತದೆ.

ಸೈನಿಕರು ಬಂದರು, ಧಾನ್ಯ ಬಂತು, ಬಟ್ಟೆ ಬಂತು. ವಿಶ್ವಬ್ಯಾಂಕಿನ ಸಾಲದಿಂದ ದೊಡ್ಡ ಪುನರ್ವಸತಿ ಯೋಜನೆ ನಡೆಯಿತು. ನೆಲಸಮವಾದ 52 ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಿಕೊಟ್ಟರು. ಇದಕ್ಕಾಗಿ ದುಡಿದವರನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಭಾರತೀಯ ಜೈನ ಸಂಘಟನೆಯ ಶಾಂತಿಲಾಲ ಮುಥಾ ಅವರು ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ಒಟ್ಟಾಗಿ ಇರಿಸಿ ಓದಿಸಿದರು. ಪುಣೆಯ ಮನೋವೈದ್ಯ, ನಟನೆಂದೂ ಹೆಸರಾದ ಡಾ. ಮೋಹನ ಆಗಾಶೆಯವರ ನೇತೃತ್ವದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಭೂಕಂಪವು ಜನರ ಮನಸ್ಸಿನ ಮೇಲೆ ಮಾಡಿದ ಪರಿಣಾಮವನ್ನು ಅಭ್ಯಾಸ ಮಾಡಿಸಿತು. ಹಳ್ಳಿಯವರಿಗೂ ಮನಸ್ಸಿದೆ, ಅದಕ್ಕೂ ಗಾಯವಾಗುತ್ತದೆ ಎಂದು ದೊಡ್ಡವರು ಒಪ್ಪಿಕೊಳ್ಳಲು ಇಷ್ಟೊಂದು ಸಾವು ಬೇಕಾಯಿತು.

ಮನೆ ಬಂತು, ಗಲ್ಲಿ ಹೋಯಿತು

ಹೊಸ ಊರಿನಲ್ಲಿ ಮನೆ ಹಂಚಿದ ಲೆಕ್ಕ ಹೀಗಿತ್ತು. ಭೂಮಿ ಇಲ್ಲದವರಿಗೆ 250 ಚದರ ಅಡಿ, ನಡುವಿನ ರೈತರಿಗೆ 450, ದೊಡ್ಡ ಹಿಡುವಳಿಯವರಿಗೆ 750. ಕೂಲಿಯವನ ಪಾಲಿಗೆ ಇಲ್ಲಿಯೂ ಸಣ್ಣ ತುಣುಕೇ ಬಂತು. ಆದರೆ ಇಂದು ನಾವು ಹೇಳಹೊರಟಿರುವುದು ಬೇರೆ ಮಾತು. ಅನೇಕ ಹೊಸ ಊರುಗಳಲ್ಲಿ ಒಂದೇ ಅಳತೆಯ ಮನೆಗಳನ್ನು ಒಂದೊಂದು ಸಾಲಿನಲ್ಲಿ ಕಟ್ಟಿದರು. ಹಳೆಯ ಗಲ್ಲಿಯಲ್ಲಿ ಬಾಗಿಲಿಗೆ ಬಾಗಿಲು ಎದುರಾಗಿದ್ದವರು ಹೊಸ ಊರಿನ ಎರಡು ಮೂಲೆಗೆ ಬಿದ್ದರು. ಮನೆಯ ಮುಂದಿನ ಕಟ್ಟೆ ಹೋಯಿತು. ಅಣ್ಣತಮ್ಮಂದಿರ ನಡುವೆ ಇದ್ದ ಒಂದೇ ಅಂಗಳ ಹೋಯಿತು. ರಸ್ತೆ ಅಗಲವಾಯಿತು, ಮಾತು ತೆಳುವಾಯಿತು.

ಹಳೆಯ ಗಲ್ಲಿ ಸ್ವರ್ಗವಾಗಿತ್ತೆಂದು ನಾವು ಹೇಳುವುದಿಲ್ಲ. ಆ ಗಲ್ಲಿಗಳಲ್ಲಿ ಜಾತಿ ಇತ್ತು. ಊರ ಹೊರಗೆ ಇರಿಸಲ್ಪಟ್ಟವರ ಕೇರಿ ಇತ್ತು. ಬೇರೆ ಬಾವಿ ಇತ್ತು. ಅದು ಮರಳಿ ಬರಬೇಕೆಂದು ಯಾರೂ ಬಯಸಬಾರದು. ಆದರೆ ಆ ಕೇರಿಯವರಿಗೂ ಅವರದೇ ಕಟ್ಟೆ ಇತ್ತು, ಕಟ್ಟೆಯ ಮೇಲೆ ಕೇಳುವವರಿದ್ದರು. ಮಗನನ್ನು ಕಳೆದುಕೊಂಡ ತಾಯಿಗೆ ಸಿಮೆಂಟಿನ ಗೋಡೆ ಸಿಕ್ಕಿತು. ಆ ಮಗ ಹುಟ್ಟಿದಾಗ ಹೊಕ್ಕಳ ಬಳ್ಳಿ ಕೊಯ್ದ ನೆರೆಯ ಮುದುಕಿ ಮಾತ್ರ ಎಲ್ಲೋ ಆಚೆ ಸಾಲಿಗೆ ಹೋದಳು. ಯಾರ ಮುಂದೆ ಅಳಬೇಕು? ಹುಡುಗನ ಹೆಸರನ್ನೇ ಅರಿಯದವರ ಮುಂದೆ ಅಳುವುದು ಹೇಗೆ?

ಇದು ನಮ್ಮ ಸೀಮೆಯ ಕತೆ ಮಾತ್ರವಲ್ಲ. 1972ರ ಫೆಬ್ರವರಿ 26ರಂದು ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ, ಬಫೆಲೋ ಕ್ರೀಕ್ ಎಂಬ ಹಳ್ಳದ ಕಣಿವೆಯಲ್ಲಿ, ಕಲ್ಲಿದ್ದಲು ಕಂಪನಿಯೊಂದು ಗಣಿಯ ಕಸದಿಂದ ಕಟ್ಟಿದ್ದ ಒಡ್ಡು ಒಡೆಯಿತು. 125 ಜನ ಸತ್ತರು. ಸುಮಾರು 4,000 ಜನ ಮನೆ ಕಳೆದುಕೊಂಡರು. ಬಹುಪಾಲು ಗಣಿ ಕಾರ್ಮಿಕರ ಮನೆಯವರು. ಸರಕಾರ ಕೂಡಲೇ ಗಾಲಿಮನೆಗಳನ್ನು ತಂದು ನಿಲ್ಲಿಸಿತು, ಆದರೆ ಯಾರ ಪಕ್ಕ ಯಾರಿದ್ದರೆಂದು ಕೇಳಲಿಲ್ಲ. ಮೊದಲು ಬಂದವರಿಗೆ ಮೊದಲು ಮನೆ. ಕೈ ಎರಿಕ್ಸನ್ ಎಂಬ ಸಮಾಜಶಾಸ್ತ್ರಜ್ಞ ಆ ಜನರನ್ನು ಕಂಡು ಮಾತಾಡಿಸಿ 1976ರಲ್ಲಿ ಪುಸ್ತಕ ಬರೆದರು. ಅವರ ತೀರ್ಮಾನ: ಆ ಜನರಿಗೆ ಎರಡು ಪೆಟ್ಟು ಬಿದ್ದಿದ್ದವು. ಒಂದು ನೀರಿನದು, ಇನ್ನೊಂದು ನೆರೆಹೊರೆ ಚದುರಿದ್ದು. ಎರಡನೆಯದು ಮೊದಲನೆಯದು ಮಾಯುವುದಕ್ಕೆ ಬಿಡಲಿಲ್ಲ.

ತೋಟದ ಬಂಧುಗಳೇ, ಇದು ನಿಮಗೆ ಹೊಸದೇ? 1964ರ ಅಕ್ಟೋಬರ್‌ನಲ್ಲಿ ಶಾಸ್ತ್ರೀಜಿ ಮತ್ತು ಸಿರಿಮಾವೊ ಅವರು ಒಪ್ಪಂದ ಮಾಡಿಕೊಂಡು ಸಿಲೋನಿನ ತೋಟ ಕಾರ್ಮಿಕರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೆ ಎಂದು ಹಂಚಿದರು. ಹೀಗೆ ಬಂದವರಲ್ಲಿ ಕೆಲವರು ಸುಳ್ಯ, ಪುತ್ತೂರಿನ ರಬ್ಬರು ತೋಟಗಳಲ್ಲಿ ನೆಲೆಸಿದರು. ಹಂಚಿದ್ದು ತಲೆ ಎಣಿಸಿ. ಸಂಬಂಧ ಎಣಿಸಿ ಅಲ್ಲ. ಇಂದಿಗೂ ಒಂದು ಲೈನಿನಿಂದ ಇನ್ನೊಂದು ಲೈನಿಗೆ, ಒಂದು ತೋಟದಿಂದ ಮತ್ತೊಂದಕ್ಕೆ ಮನೆ ಬದಲಾಯಿಸುವಾಗ ಯಾರೂ "ನಿಮ್ಮ ಪಕ್ಕ ಯಾರಿರಬೇಕು?" ಎಂದು ಕೇಳುವುದಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಔಷಧ, ಕೂಸು ಕಾಯುವ ಜಾಗ ಎಂದು ಬರೆಯಿತು. ನೆರೆಯವರ ಮಾತನ್ನು ಯಾವ ಕಾಯ್ದೆಯೂ ಬರೆಯುವುದಿಲ್ಲ. ಅದನ್ನು ಕೇಳಬೇಕಾದವರು ನಾವೇ.

ಬೀಸುವ ಕಲ್ಲಿನ ಮುಂದೆ

ಈಗ ರೂಢಿಯ ವಿಚಾರ. ನಮ್ಮ ಹಿರಿಯರು ಓದಿದವರಲ್ಲ, ಆದರೆ ದುಃಖಕ್ಕೆ ಹೊರಬಾಗಿಲು ಬೇಕೆಂಬುದನ್ನು ಬಲ್ಲವರು. ನಮ್ಮ ಗಡಿಯಲ್ಲಿ ಕನ್ನಡದ ಹೆಂಗಸರು ಬೀಸುವ ಪದ ಹಾಡಿದರೆ ಮರಾಠಿ ಹೆಂಗಸರು ಓವಿ ಹಾಡುತ್ತಿದ್ದರು. ಬೆಳಗಿನ ಜಾವ, ಗಂಡಸರು ಏಳುವ ಮೊದಲು, ಕಲ್ಲಿನ ಮುಂದೆ ಇಬ್ಬರು ಕೂತು ತವರಿನ ನೆನಪು, ಅತ್ತೆಯ ಕಾಟ, ಸತ್ತ ಕೂಸಿನ ಸಂಕಟ ಎಲ್ಲವನ್ನೂ ಹಾಡಿನಲ್ಲಿ ಹಾಕುತ್ತಿದ್ದರು. ಎದುರಿಗೆ ಹೇಳಿದರೆ ಜಗಳ. ಹಾಡಿನಲ್ಲಿ ಹೇಳಿದರೆ ಯಾರ ಅಡ್ಡಿಯೂ ಇಲ್ಲ. ಹೇಮಾ ರಾಯರೀಕರ್ ಮತ್ತು ಗೀ ಪ್ವಾತ್ವಾ ಎಂಬವರು ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇಂಥ 1,00,000ಕ್ಕೂ ಹೆಚ್ಚು ಹಾಡುಗಳನ್ನು ಕೂಡಿಹಾಕಿದ್ದಾರೆ. ಇಷ್ಟು ಹಾಡು ಇತ್ತೆಂದರೆ ಇಷ್ಟು ನೋವು ಇತ್ತು, ಆ ನೋವಿಗೆ ಇಷ್ಟು ಕಿವಿಯೂ ಇತ್ತು.

ಹಿಟ್ಟಿನ ಗಿರಣಿ ಬಂತು. ರಟ್ಟೆಯ ನೋವು ತಪ್ಪಿತು, ಒಳ್ಳೆಯದೇ ಆಯಿತು. ಯಾವ ಹೆಂಗಸನ್ನೂ ಮರಳಿ ಬೀಸುವ ಕಲ್ಲಿಗೆ ಕಟ್ಟಬೇಕಾಗಿಲ್ಲ. ಆದರೆ ಕಲ್ಲಿನ ಜೊತೆಗೆ ಎದುರಿಗೆ ಕೂರುತ್ತಿದ್ದ ಗೆಳತಿಯೂ ಹೋದಳು. ಅವಳ ಜಾಗಕ್ಕೆ ನಾವು ಏನನ್ನು ತಂದೆವು? ಇದು ಕೇಳಿಕೊಳ್ಳಬೇಕಾದ ಪ್ರಶ್ನೆ.

ಸಾವಿನ ಮನೆಯಲ್ಲಿ ನೆರೆಯವರು ಬಂದು ಕೂರುವುದು, ಒಲೆ ಹಚ್ಚದ ಮನೆಗೆ ರೊಟ್ಟಿ ತಂದು ಕೊಡುವುದು, ಸತ್ತವರ ಗುಣ ಎಣಿಸಿ ಅಳುವುದು, ಇವು ಯಾವ ಜಾತಿ ಮತದಲ್ಲೂ ಇವೆ. ಬೈಬಲಿನ ಯೋಬನ ಕತೆಯನ್ನು ನೆನೆಯಿರಿ. ಅವನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಮಾತಿಲ್ಲದೆ ಕೂತರು. ಅಷ್ಟು ದಿನ ಅವರು ಒಳ್ಳೆಯ ಗೆಳೆಯರು. ಬಾಯಿ ತೆರೆದು "ನೀನು ಏನೋ ತಪ್ಪು ಮಾಡಿರಬೇಕು" ಎನ್ನತೊಡಗಿದ ಮೇಲೆ ಅವನ ನೋವು ಇಮ್ಮಡಿಯಾಯಿತು. "ಪ್ರಾರ್ಥನೆ ಕಡಿಮೆಯಾಗಿದೆ" ಎನ್ನುವವರು ಈ ಕತೆಯನ್ನು ಮತ್ತೊಮ್ಮೆ ಓದಲಿ.

ಹಾಗೆಂದು ಎಲ್ಲ ರೂಢಿಯೂ ಒಳ್ಳೆಯದಲ್ಲ. ಹೆಂಡತಿ ಸತ್ತವನಿಗೆ ತಿಂಗಳು ತುಂಬುವ ಮೊದಲೇ ಹೆಣ್ಣು ನೋಡುತ್ತಾರೆ. ಗಂಡ ಸತ್ತವಳನ್ನು ಶುಭಕಾರ್ಯದಿಂದ ದೂರ ಕೂರಿಸುತ್ತಾರೆ. ಗಂಡಸು ಅತ್ತರೆ ನಗುತ್ತಾರೆ, ಕುಡಿದರೆ ನಗುವುದಿಲ್ಲ. ಹೀಗಾಗಿ ಎಷ್ಟೋ ಗಂಡಸರಿಗೆ ಸೀಸೆಯೇ ಕಿವಿಯಾಗಿದೆ. ಮತಿ ಕೆಟ್ಟವರನ್ನು ಸರಪಳಿ ಹಾಕಿ ಕಟ್ಟುವ ಪದ್ಧತಿಯೂ ಇತ್ತು. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಹಾಗೆ ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸತ್ತರು. ರೂಢಿಯಲ್ಲಿ ಕಿವಿ ಕೊಡುವುದನ್ನು ಉಳಿಸೋಣ, ಬಾಯಿ ಕಟ್ಟುವುದನ್ನು ಬಿಡೋಣ.

ತೊಟ್ಟಿಲಿನಿಂದ ಮುಪ್ಪಿನವರೆಗೆ

ಕಿವಿಯ ಅಗತ್ಯ ಒಂದೊಂದು ವಯಸ್ಸಿಗೆ ಒಂದೊಂದು ಬಗೆ. ಕೂಸಿಗೆ ಮಾತು ಬಾರದು. ಅಳುವೇ ಅದರ ಮಾತು. ಅತ್ತಾಗ ಎತ್ತಿಕೊಳ್ಳುವ ಅದೇ ಕೈ ಮತ್ತೆ ಮತ್ತೆ ಸಿಕ್ಕರೆ ಲೋಕ ನಂಬಬಹುದಾದ ಜಾಗ ಎಂದು ಕೂಸು ಕಲಿಯುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ ಇದನ್ನೇ ಒತ್ತಿ ಹೇಳಿದರು. ಆದರೆ ನಮ್ಮ ಸೀಮೆಯಲ್ಲಿ ಏನಾಗುತ್ತದೆ? ದಸರೆ, ದೀಪಾವಳಿಯ ಹೊತ್ತಿಗೆ ಮುಕಾದಮನ ಮುಂಗಡ ಹಿಡಿದು ಗಂಡ ಹೆಂಡಿರು ಕಬ್ಬು ಕಡಿಯಲು ಹೊರಡುತ್ತಾರೆ. ಇಬ್ಬರನ್ನೂ ಸೇರಿಸಿ ಒಂದು "ಕೊಯ್ತಾ" ಎಂದು, ಅಂದರೆ ಒಂದು ಕತ್ತಿ ಎಂದು, ಲೆಕ್ಕ ಹಾಕುತ್ತಾರೆ. ಮಾರ್ಚ್, ಏಪ್ರಿಲ್ ತನಕ ಅವರು ಮರಳುವುದಿಲ್ಲ. ಕೂಸು ಒಂದೋ ಗದ್ದೆಯ ಬದುವಿನಲ್ಲಿ, ಇಲ್ಲವೇ ಮುದುಕಿಯ ಕೈಯಲ್ಲಿ. ತಾಯಿಗೆ ಪ್ರೀತಿ ಕಡಿಮೆಯಲ್ಲ. ಆಕೆಯ ಪ್ರೀತಿಗೆ ಸಮಯವನ್ನು ಸಾಲ ಕಸಿದುಕೊಂಡಿದೆ. ತೋಟದಲ್ಲಿಯೂ ತಾಯಿ ಹಣ್ಣು ಕೀಳುವಾಗ ಕೂಸು ಯಾರ ಮಡಿಲಲ್ಲಿದೆ ಎಂಬುದು ಸಣ್ಣ ವಿಷಯವಲ್ಲ. ಕೂಸು ಕಾಯುವವಳಿಗೆ ಸರಿಯಾದ ಸಂಬಳ ಕೊಟ್ಟು ಅದೇ ಹೆಂಗಸನ್ನು ವರ್ಷಗಟ್ಟಲೆ ಉಳಿಸಿಕೊಳ್ಳಬೇಕೆಂಬುದು ಮನಸ್ಸಿನ ಆರೋಗ್ಯದ ಬೇಡಿಕೆಯೇ ಆಗಿದೆ.

ಹರೆಯದವರಿಗೆ ಬೇಕಾದುದು ಬೈಯದೆ ಕೇಳುವ ಕಿವಿ. ಪರೀಕ್ಷೆಯಲ್ಲಿ ಬಿದ್ದವನಿಗೆ, ಮನಸ್ಸಿಗೆ ಒಪ್ಪದ ಮದುವೆಗೆ ಸಿಕ್ಕವಳಿಗೆ "ಜನ ಏನಂದಾರು?" ಎಂಬುದೇ ಮನೆಯವರ ಮೊದಲ ಪ್ರಶ್ನೆಯಾದರೆ ಆ ಮಕ್ಕಳು ಎರಡನೆಯ ಮಾತು ಆಡುವುದಿಲ್ಲ. ಮಾತು ಅಲ್ಲಿಗೇ ಒಳಗೆ ಹೋಗುತ್ತದೆ.

ಸಂಸಾರಕ್ಕೆ ಬಿದ್ದ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಒಳ್ಳೆಯ ಅಧ್ಯಯನವಿದೆ. ಲಂಡನ್ನಿನ ಕ್ಯಾಂಬರ್‌ವೆಲ್ ಎಂಬ ಭಾಗದ ಹೆಂಗಸರನ್ನು ಕುರಿತು ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ 1978ರಲ್ಲಿ ಪ್ರಕಟಿಸಿದ್ದು. ದೊಡ್ಡ ಕಷ್ಟ ಬಂದಾಗ ಎಲ್ಲ ಹೆಂಗಸರೂ ಖಿನ್ನತೆಗೆ ಬೀಳಲಿಲ್ಲ. ಹೆಚ್ಚು ಬಿದ್ದವರು ಯಾರು? ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವರು, ಮನೆಯಲ್ಲಿ ಮೂರು ಅಥವಾ ಹೆಚ್ಚು ಸಣ್ಣ ಮಕ್ಕಳಿದ್ದವರು, ಹೊರಗೆ ಕೆಲಸವಿಲ್ಲದವರು, ಎಲ್ಲಕ್ಕಿಂತ ಮುಖ್ಯವಾಗಿ ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಬ್ಬರೂ ಇಲ್ಲದವರು. ಇಷ್ಟನ್ನು ಹೇಳಲು ಲಂಡನ್ನಿಗೆ ಹೋಗಬೇಕೇ ಎಂದು ನೀವು ಕೇಳಬಹುದು. ಬೇಕಿರಲಿಲ್ಲ, ನಮ್ಮ ಬೀಸುವ ಕಲ್ಲು ಇದನ್ನೇ ಹೇಳುತ್ತಿತ್ತು. ಆದರೆ ಬಡ ಹೆಂಗಸಿನ ನೋವಿಗೆ ಕಾರಣ ಅವಳ ದೌರ್ಬಲ್ಯವಲ್ಲ, ಅವಳ ಸ್ಥಿತಿ ಎಂಬುದು ಲೆಕ್ಕದಿಂದ ಸಿದ್ಧವಾಯಿತು.

ಮುಪ್ಪಿನಲ್ಲಿ ಬೇಕಾದುದು ತನ್ನ ಭಾಷೆ ಬಲ್ಲ ಕಿವಿ. ನಮ್ಮ ಗಡಿಯ ಮುದುಕಿ ಸರಕಾರಿ ದವಾಖಾನೆಗೆ ಹೋಗಿ "ಜೀವಕ್ಕ ಸಮಾಧಾನ ಇಲ್ಲರೀ, ಹೊಟ್ಟ್ಯಾಗ ಸಂಕಟ ಆಗತದ" ಎನ್ನುತ್ತಾಳೆ. ಕನ್ನಡ ಬಾರದ ಡಾಕ್ಟರರಿಗೆ "ಹೊಟ್ಟೆ" ಎಂಬ ಒಂದು ಮಾತು ತಿಳಿಯುತ್ತದೆ. ಹೊಟ್ಟೆಯ ಗುಳಿಗೆ ಬರೆಯುತ್ತಾರೆ. ಅವಳು ಹೇಳಿದ್ದು ದುಬೈಗೋ ಪುಣೆಗೋ ಹೋಗಿ ಮರಳದ ಮಗನ ಮಾತು. ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ನಿಮ್ಮ ತೋಟಕ್ಕೆ ಬಂದ ಕೂಲಿಯವರ ಪಾಡೂ ಇದೇ ಅಲ್ಲವೇ? ಅವರ ಭಾಷೆಯ ನಾಲ್ಕು ಮಾತು ಕಲಿತು "ಊಟ ಆಯಿತೇ, ಮನೆಯಿಂದ ಫೋನು ಬಂತೇ" ಎಂದು ಕೇಳುವುದು ದೊಡ್ಡ ಧರ್ಮ.

ಕಿವಿ ಸಾಲದಾಗ

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕೇಳುವ ಕಿವಿ ಎಲ್ಲಕ್ಕೂ ಮದ್ದಲ್ಲ. ಎರಡು ವಾರ ದಾಟಿದರೂ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇರುವವರನ್ನು, ಇಲ್ಲದ ದನಿ ಕೇಳಿಸುತ್ತದೆ ಎನ್ನುವವರನ್ನು, "ನಾನು ಇದ್ದು ಏನು ಪ್ರಯೋಜನ?" ಎನ್ನುವವರನ್ನು ಡಾಕ್ಟರರ ಬಳಿಗೆ ಕರೆದುಕೊಂಡು ಹೋಗಲೇಬೇಕು. ಖಿನ್ನತೆಯ ಗುಳಿಗೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನಕ್ಕೆ ಗುಣವಾಗಲಿಲ್ಲವೆಂದು, ಅಥವಾ ಗುಣವಾಯಿತೆಂದು, ತಾವೇ ನಿಲ್ಲಿಸಬಾರದು.

"ಉಳ್ಳವರ ಕಾಯಿಲೆ" ಎನ್ನುವ ಸಂಗಾತಿಗಳಿಗೆ ಇದು ತಿಳಿದಿರಲಿ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರ ಪೈಕಿ ಶೇಕಡಾ 10ಕ್ಕೂ ಹೆಚ್ಚು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡಿತು. ಅವರಲ್ಲಿ ಬಹುಪಾಲಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನೂರು ಜನರ ಲೈನಿನಲ್ಲಿ ಹತ್ತು ಜನ ಎಂದು ಲೆಕ್ಕ ಹಾಕಿ ನೋಡಿ. ಕೂಲಿ ಹೆಚ್ಚಬೇಕು, ನಿಜ. ಸಾಲವೇ ಎಷ್ಟೋ ಮನಸ್ಸುಗಳನ್ನು ತಿನ್ನುತ್ತಿದೆ. ಆದರೆ ಕೂಲಿ ಹೆಚ್ಚುವ ತನಕ ಆ ಹತ್ತು ಜನ ಕಾಯಬೇಕೇ?

ಹಳ್ಳಿಯವರಿಗೆ ಚಿಕಿತ್ಸೆ ಕೊಡುವುದು ಅಸಾಧ್ಯವೂ ಅಲ್ಲ. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಸಾಮಾನ್ಯ ಡಾಕ್ಟರರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಔಷಧ ಸಿಗುವಂತೆ ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಕಾರಿ ಚಿಕಿತ್ಸೆಯನ್ನು ಹಕ್ಕೆಂದು ಹೇಳಿತು, ಸರಪಳಿ ಹಾಕುವುದನ್ನು ನಿಷೇಧಿಸಿತು, ಪ್ರಾಣ ಕಳೆದುಕೊಳ್ಳಲು ಹೋದವರನ್ನು ಅಪರಾಧಿಯೆಂದಲ್ಲ, ಸಂಕಟದಲ್ಲಿರುವವರೆಂದು ನೋಡಬೇಕೆಂದಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸರಕಾರಿ ಫೋನು ಸೇವೆ ಆರಂಭವಾಯಿತು. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ದುಡ್ಡಿಲ್ಲದೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕೇಳುವವರಿದ್ದಾರೆ. ಈ ಸಂಖ್ಯೆಯನ್ನು ಲೈನಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿಸಿರಿ.

ಸಂಘ ಮಾಡಬೇಕಾದುದು

ಭೂಕಂಪದ ನಂತರ ನಮ್ಮ ಸೀಮೆಯ ನೂರಾರು ಹಳ್ಳಿಗಳಲ್ಲಿ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯವರು ಮನೆ ದುರಸ್ತಿಯ ಮಾಹಿತಿ ಹೇಳಲು ಊರಿನ ಹೆಂಗಸರನ್ನೇ ಸಂವಾದ ಸಹಾಯಕರಾಗಿ ನೇಮಿಸಲು ನೆರವಾದರು. ಇಟ್ಟಿಗೆ, ಸಿಮೆಂಟಿನ ಮಾತಿಗೆ ಹೆಂಗಸರು ಒಂದೆಡೆ ಸೇರಿದರು. ಸೇರಿದವರು ಇಟ್ಟಿಗೆಯ ಮಾತಷ್ಟೇ ಆಡಲಿಲ್ಲ. ಸೇರುವುದಕ್ಕೆ ಒಂದು ನೆವ, ಮಾಡುವುದಕ್ಕೆ ಒಂದು ಕೆಲಸ ಸಿಕ್ಕಿದ್ದೇ ಎಷ್ಟೋ ಜನರನ್ನು ಎಬ್ಬಿಸಿ ನಿಲ್ಲಿಸಿತು. ಇದರಿಂದ ನಮಗೆ ಪಾಠವಿದೆ.

ಮೊದಲನೆಯದು, ಪ್ರತಿ ಲೈನಿನಲ್ಲಿ ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು, ಕೇಳುವವರೆಂದು ಗೊತ್ತಾಗಿರಲಿ. ಅವರಿಗೆ ಉಪದೇಶ ಮಾಡಲು ಬರಬೇಕಿಲ್ಲ. ಕೇಳಿದ್ದನ್ನು ಊರೆಲ್ಲ ಹೇಳದಿರಲು ಬಂದರೆ ಸಾಕು.

ಎರಡನೆಯದು, ಮನೆ ಹಂಚುವಾಗ, ಲೈನು ಬದಲಿಸುವಾಗ ನೆರೆಯವರನ್ನು ಒಡೆಯಬಾರದೆಂದು ಆಡಳಿತಕ್ಕೆ ಬರೆದು ಕೊಡಿ. ಹೊಸ ಲೈನು ಕಟ್ಟುವಾಗ ಕೂರಲು ಒಂದು ಕಟ್ಟೆ ಕೇಳಿ. ಅದಕ್ಕೆ ಒಂದು ಗಾಡಿ ಕಲ್ಲು ಸಾಕು.

ಮೂರನೆಯದು, ತೋಟದ ಡಾಕ್ಟರರು ತಿಂಗಳಿಗೊಮ್ಮೆಯಾದರೂ ಮನಸ್ಸಿನ ಕಾಯಿಲೆಯವರನ್ನು ನೋಡುವ ದಿನ ಗೊತ್ತುಮಾಡಬೇಕು. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಕೇಳಿ ತಿಳಿದುಕೊಂಡು, ಅಲ್ಲಿಗೆ ಹೋದ ದಿನದ ಕೂಲಿ ಹಿಡಿಯಬಾರದೆಂದು ಒತ್ತಾಯಿಸಬೇಕು. ಕೈ ಮುರಿದವನಿಗೆ ಸಿಗುವ ರಜೆ ಮನಸ್ಸು ಮುರಿದವಳಿಗೂ ಸಿಗಲಿ.

ನಾಲ್ಕನೆಯದು, ಬೆಳೆಗೆ ಹೊಡೆಯುವ ವಿಷದ ಔಷಧಿ ಬೀಗದೊಳಗೆ ಇರಲಿ; ಯಾರ ಮನೆಯಲ್ಲೂ ಉಳಿಯದಿರಲಿ. ಸಂಕಟದ ಆ ಒಂದು ಗಳಿಗೆ ಕಳೆದರೆ ಬದುಕು ಉಳಿಯುತ್ತದೆ. ಶ್ರೀಲಂಕಾದಲ್ಲಿ 1995ರಿಂದ ಕಡುವಿಷದ ಔಷಧಿಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ 20 ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡಾ 70 ಇಳಿಯಿತು. ಇದನ್ನು ಆಡಳಿತದ ಮುಂದೆ ಹೇಳಿರಿ.

ಬಂಧುಗಳೇ, ಭೂಕಂಪವಾಗಿ ಮೂವತ್ತು ವರ್ಷ ದಾಟಿತು. ಕಿಲ್ಲಾರಿಯ ಹೊಸ ಮನೆಗಳ ಮುಂದೆ ಜನ ತಾವೇ ಜಗುಲಿ ಕಟ್ಟಿಕೊಂಡಿದ್ದಾರೆ, ಬೇವಿನ ಗಿಡ ನೆಟ್ಟಿದ್ದಾರೆ, ಆಚೆ ಸಾಲಿಗೆ ಹೋದ ನೆಂಟರ ಬಳಿ ಮನೆ ಬದಲಿಸಿಕೊಂಡವರೂ ಇದ್ದಾರೆ. ಯೋಜನೆಯವರು ಮರೆತುದನ್ನು ಜನ ಕೈಯಾರೆ ಸೇರಿಸಿಕೊಂಡರು. ನಿಮ್ಮ ಲೈನಿನಲ್ಲಿಯೂ ಈ ಹೊತ್ತು ಯಾರೋ ಒಬ್ಬರು ದೀಪ ಆರಿಸಿ ಸುಮ್ಮನೆ ಕೂತಿರಬಹುದು. ಈ ಹಾಳೆಯನ್ನು ಮಡಚಿಟ್ಟು ಅವರ ಬಾಗಿಲಿಗೆ ಹೋಗಿರಿ. "ಏನಕ್ಕಾ, ಊಟ ಆಯಿತೇ?" ಎಂದು ಕೇಳಿರಿ. ಉತ್ತರ ಬರುವ ತನಕ ಅಲ್ಲೇ ಕೂತಿರಿ.